ದಿಬ್ಬಣದಲ್ಲಿ ನಾಲ್ಕನೆಯ ಹಾಡು

ವಿದ್ಯಾರಣ್ಯಪುರಂ, ಮೈಸೂರು
24–5–1959

ಸಂಗೀತ ನಿರ್ದೇಶಕರಾದ ಎಂ. ಗೋವಿಂದರಾಜು ಅವರಿಗೆ ಮರಿಸ್ವಾಮಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನಿಮ್ಮ ಹಾಡಿನಿಂದಾಗಿ ನಮ್ಮ ಬೀದಿಯಲ್ಲಿ ಮದುವೆಯಾದ ಹುಡುಗಿಯೊಬ್ಬಳು ಗಂಡನ ಮನೆಗೆ ಹೋಗದೆ ಅಪ್ಪನ ಮನೆಯಲ್ಲೇ ಕೂತಿದ್ದಾಳೆ. ಹಾಡು ನಿಮ್ಮದು, ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನಗೆ ಹತ್ತೊಂಬತ್ತು ವರ್ಷ. ದೇವಯ್ಯ ಮೇಷ್ಟ್ರ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತೇನೆ. ಸ್ವಾತಂತ್ರ್ಯ ಬಂದ ದಿನ ನನಗೆ ಏಳು. ಭಾಷಣಗಳ ಮಧ್ಯೆ ಯಾರೋ ನಿಮ್ಮ ಮೊದಲನೆಯ ಚಿತ್ರದ ಗ್ರಾಮಾಫೋನ್ ಪ್ಲೇಟು ಹಾಕಿದರು. ಹಾಡು ಮುಗಿಯುವಷ್ಟರಲ್ಲಿ ಸ್ಕೂಲಿನವರು ಕೊಟ್ಟಿದ್ದ ಪೆಪ್ಪರಮಿಂಟು ನನ್ನ ಅಂಗೈಯಲ್ಲೇ ಕರಗಿಹೋಗಿತ್ತು. ಅವತ್ತಿನಿಂದ ನಿಮ್ಮ ಒಂದು ಹಾಡನ್ನೂ ಬಿಟ್ಟಿಲ್ಲ. ಎಸ್ಸೆಸ್ಸೆಲ್ಸಿಯ ಗಣಿತದ ಪರೀಕ್ಷೆ ಬರೆಯುತ್ತಿದ್ದಾಗ ಹೊರಗೆ ನಿಮ್ಮ ಹೊಸ ಚಿತ್ರದ ಪ್ರಚಾರದ ಬಂಡಿ ಹೋಯಿತು, ನಾನು ಎದ್ದು ಅದರ ಹಿಂದೆ ಹೋದೆ, ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಇದಕ್ಕೆ ನಿಮ್ಮನ್ನು ದೂರುವುದಿಲ್ಲ. ನನಗೆ ಹೇಗೂ ಗಣಿತ ಬರುತ್ತಿರಲಿಲ್ಲ.

ನಾವು ಬ್ಯಾಂಡಿನವರು ಹಾಡು ಕಲಿಯುವುದು ಟಾಕೀಸಿನ ಒಳಗಲ್ಲ, ಹಿಂದಿನ ಗೋಡೆಯ ಹತ್ತಿರ. ಅಲ್ಲಿ ಗಾಳಿಕಂಡಿಗಳಿವೆ. ಟಿಕೆಟ್ ಬೇಕಿಲ್ಲ. ರಾಗ ಬರುತ್ತದೆ, ತಾಳ ಬರುತ್ತದೆ, ಮಾತು ಮಾತ್ರ ಗೋಡೆಯಲ್ಲೇ ಉಳಿದುಬಿಡುತ್ತದೆ. ನಮಗೆ ಮಾತು ಬೇಕಾಗುವುದೂ ಇಲ್ಲ. ಹೋದ ದೀಪಾವಳಿಗೆ ಬಂದ ನಿಮ್ಮ ಚಿತ್ರದ ನಾಲ್ಕನೆಯ ಹಾಡನ್ನು ಹೀಗೆ ಗೋಡೆಗೆ ಕಿವಿಯಿಟ್ಟು ಒಂಬತ್ತು ಸಂಜೆ ಕೇಳಿದೆ.

ಹೋದ ಭಾನುವಾರ ಕೃಷ್ಣಪ್ಪನವರ ಮಗಳು ಪುಟ್ಟತಾಯಿಯ ಮದುವೆ. ಗಂಡು ನಂಜನಗೂಡಿನ ಸ್ಕೂಲು ಮೇಷ್ಟ್ರು ಮಹದೇವು. ಚಾಮರಾಜಪುರಂ ಸ್ಟೇಷನ್ನಿನಲ್ಲಿ ಇಳಿದ ದಿಬ್ಬಣವನ್ನು ಛತ್ರದವರೆಗೆ ನಾವು ಕರೆತರಬೇಕಿತ್ತು. ದೇವಯ್ಯ ಮೇಷ್ಟ್ರು, "ಏನಾರ ಹೊಸದು ಅದಾ ಮರಿ?" ಎಂದರು. ನಾನು ನಿಮ್ಮ ನಾಲ್ಕನೆಯ ಹಾಡನ್ನು ಎತ್ತಿದೆ. ಅದರ ತಬಲದ ಓಟ ನಿಮಗೆ ಗೊತ್ತೇ ಇದೆ. ಗಂಡಿನ ಕಡೆಯ ಹುಡುಗರು ಕುಣಿದರು. ಗಂಡಿನ ತಾಯಿ ಶಿವನಂಜಮ್ಮನವರೇ ಇನ್ನೊಂದು ಸಲ ಊದಿ ಎಂದರು. ಊದಿದೆ.

ಊಟಕ್ಕೆ ಕೂತಾಗ ಅವರ ನೆಂಟರ ಬೆಟ್ಟಮ್ಮ ಎಂಬಾಕೆ, "ಅಲ್ಲ ಶಿವನಂಜಮ್ಮ, ಗಂಡ ಹೊಳೇಲಿ ಕೊಚ್ಕೊಂಡು ಹೋದ ಅಂತ ಆ ಹುಡುಗಿ ದಡದಲ್ಲಿ ಕೂತು ಅಳೋ ಹಾಡಲ್ವಾ ಇವ್ರು ಊದುದ್ದು? ನಾ ಮೂರು ಸಲ ನೋಡಿವ್ನಿ" ಎಂದರು.

ಶಿವನಂಜಮ್ಮ ಕೈಯಲ್ಲಿದ್ದ ಲಾಡನ್ನು ಎಲೆಗೆ ಇಟ್ಟರು. "ಊದ್ದೋನು ಯಾವನು?"

ದೇವಯ್ಯ ಮೇಷ್ಟ್ರು ನನ್ನ ಅಂಗಿ ಹಿಡಿದು ಎಳೆದರು. ನಾನು ಮುಂದೆ ಹೋಗಿ, "ನಾನು ಕಣಮ್ಮ" ಎಂದೆ.

"ಗೊತ್ತಿದ್ದೂ ಊದ್ದ್ಯಾ?"

"ಮಾತು ಗೊತ್ತಿರ್ಲಿಲ್ಲ. ಅಳೋ ಹಾಡು ಇರ್ಬೋದು ಅಂತ ಅನುಮಾನ ಇತ್ತು. ಚೆನ್ನಾಗಿತ್ತು ಅಂತ ಊದ್ಬುಟ್ಟೆ."

ಗೊತ್ತಿರಲಿಲ್ಲ ಎಂದಷ್ಟೇ ಹೇಳಿದ್ದರೆ ಸಾಕಿತ್ತು ಎಂದು ಈಗ ಎಲ್ಲರೂ ಬೈಯುತ್ತಾರೆ. ಆದರೆ ಅನುಮಾನ ಇದ್ದದ್ದು ನಿಜ. ಮೂರನೆಯ ಸಾಲಿನಲ್ಲಿ ಏನೋ ಕುಸಿಯುತ್ತದೆ, ಅದು ಗೋಡೆಯಾಚೆಗೂ ಕೇಳಿಸುತ್ತಿತ್ತು.

"ನಮ್ಮನೆ ಹಿತ್ತಲಲ್ಲೇ ಹೊಳೆ ಹರೀತದೆ ಕೃಷ್ಣಪ್ಪೋರೆ" ಎಂದರು ಶಿವನಂಜಮ್ಮ. "ಇಂಥಾದ್ದು ಕೇಳುಸ್ಕಂಡು ಎಂಗೆ ಸೊಸೇನ ಕರ್ಕಂಡೋಗ್ಲಿ?" ಹೆಣ್ಣೊಪ್ಪಿಸುವ ಶಾಸ್ತ್ರ ನಿಂತುಹೋಯಿತು. ಕೃಷ್ಣಪ್ಪನವರು ಕೈಮುಗಿದರು, ನಾನು ಕಾಲಿಗೆ ಬಿದ್ದೆ. ಆಕೆ, "ಊದ್ದೋನ ಮಾತು ನಂಗೆ ಬೇಡ. ಹಾಡು ಕಟ್ಟಿದೋನು ಹೇಳ್ಲಿ, ಇದು ಕೇಡಿನ ಹಾಡಲ್ಲ ಅಂತ. ಆಗ ನೋಡಾನ" ಎಂದು ಮಗನನ್ನು ಕರೆದುಕೊಂಡು ಸಂಜೆಯ ರೈಲು ಹತ್ತಿದರು.

ಅದು ಕೋಪದಲ್ಲಿ ಆಡಿದ ಮಾತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ನೇರವಾದ ಮಾತಾಗಿ ಕಾಣುತ್ತದೆ. ಹಾಡು ಕಟ್ಟಿದವರು ನೀವು. ಅದನ್ನು ಏನೆಂದುಕೊಂಡು ಕಟ್ಟಿದಿರಿ ಎಂದು ನಾಲ್ಕು ಸಾಲು ಬರೆದುಕೊಡಿ. ನಿಮ್ಮ ವಿಳಾಸ ಕೊಟ್ಟವರು ಗ್ರಾಮಾಫೋನ್ ಅಂಗಡಿಯವರು.

ಇತಿ,
ಮರಿಸ್ವಾಮಿ


ವಡಪಳನಿ, ಮದರಾಸು
1–6–1959

ಕಲಾಭಿಮಾನಿಗಳೇ,

ತಮ್ಮ ಮೆಚ್ಚುಗೆಯ ಪತ್ರ ತಲುಪಿ ಆನಂದವಾಯಿತು. ತಮ್ಮಂಥ ರಸಿಕರ ಅಭಿಮಾನವೇ ನನಗೆ ಶ್ರೀರಕ್ಷೆ. ಭಾವಚಿತ್ರ ಲಗತ್ತಿಸಿದೆ.

ಎಂ. ಗೋವಿಂದರಾಜು


ಮೈಸೂರು
6–6–1959

ಮಾನ್ಯರೆ,

ಅಚ್ಚು ಹಾಕಿಸಿದ ಕಾರ್ಡು, ಫೋಟೋ ಎರಡೂ ತಲುಪಿದವು. ನಾನು ಬರೆದದ್ದು ಮೆಚ್ಚುಗೆಯ ಪತ್ರವಲ್ಲ. ಓದಿದ್ದರೆ ಗೊತ್ತಾಗುತ್ತಿತ್ತು.

ಫೋಟೋ ಚೆನ್ನಾಗಿದೆ. ನೀವು ಸಣ್ಣಗಿರುತ್ತೀರಿ ಎಂದು ನಾನು ಅಂದುಕೊಂಡಿದ್ದೆ. ನಮ್ಮಮ್ಮ ಚಾಮುಂಡಮ್ಮ ಅದನ್ನು ದೇವರ ಪಟದ ಪಕ್ಕ ಇಡಲು ಹೋದರು. ಉತ್ತರ ಬರಲಿ, ಆಮೇಲೆ ನೋಡೋಣ ಎಂದು ನಾನೇ ತಡೆದಿದ್ದೇನೆ.

ಬರೆಯುವುದು ಹೇಗೂ ಬರೆಯುತ್ತಿದ್ದೇನೆ, ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಯುಗಾದಿಗೆ ಬಂದ ನಿಮ್ಮ ಚಿತ್ರದ ಎರಡನೆಯ ಹಾಡು ನಿಮ್ಮದೇ ಹಳೆಯ ಹಾಡಿಗೆ ಹೊಸ ಅಂಗಿ ತೊಡಿಸಿದ ಹಾಗಿದೆ. ಐದನೆಯದನ್ನು ನೀವು ಇಷ್ಟವಿಲ್ಲದೆ ಮಾಡಿದ್ದೀರಿ. ಹೊಗಳಿ ಬರೆದರೆ ಬೇಗ ಉತ್ತರ ಬರುತ್ತದೆ ಎಂದು ಅಂಗಡಿಯವರು ಹೇಳಿದರು. ನನ್ನ ಕೈಯಲ್ಲಿ ಆಗಲಿಲ್ಲ.

ಜುಲೈ ಏಳಕ್ಕೆ ಆಷಾಢ ಹುಟ್ಟುತ್ತದೆ. ಆ ತಿಂಗಳು ಹೊಸ ಸೊಸೆಯನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ. ಅದಕ್ಕೂ ಮುಂಚೆ ನಿಮ್ಮ ಪತ್ರ ಬಂದರೆ ಪುಟ್ಟತಾಯಿಗೆ ಒಳ್ಳೆಯದು.

ಮರಿಸ್ವಾಮಿ


ಮದರಾಸು
14–6–1959

ಮರಿಸ್ವಾಮಿ,

ಕಾರ್ಡು ಕಳಿಸುವುದು ನನ್ನ ಗುಮಾಸ್ತರ ಕೆಲಸ. ನಿನ್ನ ಎರಡನೆಯ ಪತ್ರ ಓದಿ ಅವರಿಗೆ ಕೋಪ ಬಂದು ನನ್ನ ಮೇಜಿನ ಮೇಲೆ ಎಸೆದು ಹೋದರು. ಹಾಗಾಗಿ ಅದು ನನ್ನ ಕಣ್ಣಿಗೆ ಬಿತ್ತು. ಮೊದಲನೆಯದನ್ನೂ ಹುಡುಕಿಸಿ ಓದಿದೆ.

ಐದನೆಯ ಹಾಡಿನ ವಿಷಯ ನಿನಗೆ ಹೇಗೆ ತಿಳಿಯಿತು? ನಿರ್ಮಾಪಕರ ಭಾವಮೈದ ಮೇಜು ಕುಟ್ಟಿ ಹೇಳಿಕೊಟ್ಟ ರಾಗ ಅದು. ಎರಡನೆಯದರ ಬಗ್ಗೆ ನೀನು ಹೇಳಿದ್ದು ಮಾತ್ರ ಶುದ್ಧ ತಪ್ಪು. ಪಲ್ಲವಿಯ ಎತ್ತುಗಡೆಯನ್ನು ಇನ್ನೊಮ್ಮೆ ಕೇಳು, ಈ ಸಲ ಟಿಕೆಟ್ ತೆಗೆದುಕೊಂಡು.

ಇನ್ನು ಮದುವೆಯ ವಿಷಯ. ನಾಲ್ಕನೆಯ ಹಾಡನ್ನು ನಾನು ಕಟ್ಟಿದ್ದು ಉಯ್ಯಾಲೆಯ ಸನ್ನಿವೇಶಕ್ಕೆ. ನಾಯಕಿ ಗೆಳತಿಯರ ಜೊತೆ ಉಯ್ಯಾಲೆ ಆಡುತ್ತಾಳೆ, ನಗುತ್ತಾಳೆ. ಆಮೇಲೆ ಆ ಸನ್ನಿವೇಶವನ್ನು ಕೈಬಿಟ್ಟರು. ನಿರ್ದೇಶಕರು ಅದೇ ರಾಗಕ್ಕೆ ಅಳುವ ಮಾತು ಬರೆಸಿ ಹೊಳೆಯ ದಡಕ್ಕೆ ತಂದು ಹಾಕಿದರು. ಇದನ್ನೇ ಬೇರೆ ಹಾಳೆಯಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಿ ಇಟ್ಟಿದ್ದೇನೆ. ಆ ತಾಯಿಗೆ ತೋರಿಸು. ಹುಡುಗಿ ಸುಖವಾಗಿ ಗಂಡನ ಮನೆಗೆ ಹೋಗಲಿ.

ಎಂ. ಗೋವಿಂದರಾಜು


ಮೈಸೂರು
20–6–1959

ಗೋವಿಂದರಾಜು ಅವರಿಗೆ,

ನಿಮ್ಮ ಪತ್ರ ಬಂದಾಗ ನಾನು ಬೀದಿಯಲ್ಲೇ ಕುಣಿದೆ. ಅಮ್ಮ ನಿಮ್ಮ ಫೋಟೋವನ್ನು ದೇವರ ಪಕ್ಕ ಇಟ್ಟರು. ಆಮೇಲೆ ನಾನು ಕ್ಲಾರಿನೆಟ್ ತೆಗೆದು, ಉಯ್ಯಾಲೆ ಎಂದುಕೊಂಡು ನಿಮ್ಮ ಹಾಡನ್ನು ಊದಿ ನೋಡಿದೆ. ಆಗ ಗೊತ್ತಾಯಿತು. ಫೋಟೋ ಈಗ ಕಪಾಟಿನಲ್ಲಿದೆ.

ಉಯ್ಯಾಲೆ ಹೋದರೆ ವಾಪಸು ಬರುತ್ತದೆ. ನಿಮ್ಮ ಮೂರನೆಯ ಸಾಲು ಹೋಗುತ್ತದೆ, ಬರುವುದಿಲ್ಲ. ಮೇಲಿನಿಂದ ಇಳಿದು ಷಡ್ಜದಲ್ಲಿ ಕೂರಬೇಕಾದ್ದು ನಿಷಾದದಲ್ಲೇ ನಿಂತು, ಬಾಗಿಲಲ್ಲಿ ನಿಂತವರ ಹಾಗೆ ಕಾಯುತ್ತದೆ. ನಗುವ ಹುಡುಗಿಗೆ ಯಾರೂ ಹೀಗೆ ಕಟ್ಟುವುದಿಲ್ಲ, ನೀವಂತೂ ಕಟ್ಟುವುದಿಲ್ಲ. ನೀವು ನನಗೆ ಸಹಾಯವಾಗಲಿ ಎಂದು ಹೀಗೆ ಬರೆದಿದ್ದೀರಿ. ಅದು ನಿಮ್ಮ ಒಳ್ಳೆಯತನ. ಆದರೆ ಇದು ನಿಜವಲ್ಲ ಎಂದು ನನ್ನ ಕಿವಿ ಹೇಳುತ್ತಿದೆ.

ಪತ್ರ ಬಂದಿದೆ ಎಂದು ಕೃಷ್ಣಪ್ಪನವರಿಗೆ ಹೇಳಿದೆ. ಅದು ಸುಳ್ಳು ಎಂದು ನನಗನ್ನಿಸುತ್ತದೆ ಎಂದೂ ಹೇಳಿದೆ. ಅವರು ಜಗಲಿಯಿಂದ ಇಳಿದೇ ಬಂದರು.

"ಕೊಡ್ಲಾ ಇಲ್ಲಿ ಅದ. ಸುಳ್ಳಾದ್ರೆ ಬರ್ದೋರ ತಲೆ ಮ್ಯಾಲೆ. ನಿಂಗೇನು ಕಷ್ಟ?"

"ತಕಂಡೋಗಿ ಕೊಡೋನು ನಾನು ಕಣಣ್ಣ."

"ನಿನ್ನ ನಿಜಾನ ಉಪ್ಪಿನಕಾಯಿ ಹಾಕ್ಕೊ. ಲಾಡು ತಿನ್ನೋ ಹೊತ್ನಲ್ಲೂ ನಿಜ, ಈಗ್ಲೂ ನಿಜ. ನನ್ ಮಗಳು ಮುದುಕಿ ಆಗೋ ತಂಕ ಹೇಳ್ತಿರು."

ಆಗ ಬಾಗಿಲ ಹಿಂದಿನಿಂದ ಪುಟ್ಟತಾಯಿ ಹೇಳಿದಳು: "ಸುಳ್ಳು ಹೇಳಿ ಕಳ್ಸದಾದ್ರೆ ನಾ ಒಲ್ಲೆ ಕಣಪ್ಪ. ನಾಳೆ ನಮ್ಮತ್ತೆಗೆ ಗೊತ್ತಾದ್ರೆ ಅನುಭವ್ಸೋಳು ಯಾರು? ನೀನಲ್ಲ, ಮರಿಯಣ್ಣನೂ ಅಲ್ಲ."

ಕೃಷ್ಣಪ್ಪನವರು ಟವೆಲು ಕೊಡವಿಕೊಂಡು ಒಳಗೆ ಹೋದರು.

ಉಯ್ಯಾಲೆಯ ವಿಷಯ ನಿಜವೇ ಆಗಿದ್ದರೆ ಒಂದು ಸಾಲು ಬರೆಯಿರಿ. ಅವತ್ತೇ ನಂಜನಗೂಡಿನ ರೈಲು ಹತ್ತುತ್ತೇನೆ, ನಿಮ್ಮ ಕ್ಷಮೆಯನ್ನೂ ಕೇಳುತ್ತೇನೆ.

ಮರಿಸ್ವಾಮಿ


ಮೈಸೂರು
12–7–1959

ಗೋವಿಂದರಾಜು ಅವರಿಗೆ,

ಮೂರು ವಾರವಾಯಿತು. ಆಷಾಢವೂ ಬಂತು. ನಿಮಗೆ ಕೋಪ ಬಂದಿದೆ ಎಂದು ತಿಳಿದುಕೊಂಡಿದ್ದೇನೆ. ನಾನು ಹೇಳಿದ್ದು ತಪ್ಪಾಗಿದ್ದರೆ ಕ್ಷಮಿಸಿ. ತಪ್ಪಾಗಿಲ್ಲದಿದ್ದರೆ ಕ್ಷಮಿಸುವುದು ಏನೂ ಇಲ್ಲ.

ಒಂದು ವಿಷಯವನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ದೇವಯ್ಯ ಮೇಷ್ಟ್ರ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತೇನೆ ಎಂದು ಮೊದಲ ಪತ್ರದಲ್ಲಿ ಬರೆದೆನಲ್ಲ, ಅಷ್ಟು ಹೊತ್ತಿಗಾಗಲೇ ಅವರು ನನ್ನನ್ನು ಬಿಡಿಸಿ ವಾರವಾಗಿತ್ತು. ಹಾಗೆ ಬರೆಯುವಾಗ ನಾಚಿಕೆಯಾಗಿತ್ತು. ಈಗ ಊದುಬತ್ತಿ ಕಾರ್ಖಾನೆಯಲ್ಲಿ ಪೊಟ್ಟಣಕ್ಕೆ ಚೀಟಿ ಅಂಟಿಸುತ್ತೇನೆ. ಅದಕ್ಕೂ ಮುಂಚೆ ಸೈಕಲ್ ಅಂಗಡಿಯಲ್ಲಿ ಹನ್ನೊಂದು ದಿನ ಇದ್ದೆ. ಹಳೆಯ ಟೈರನ್ನು ಹೊಸದು ಎಂದು ಗಿರಾಕಿಗೆ ಹೇಳಲಾರೆ ಎಂದೆ, ಅಲ್ಲಿಗೆ ಅದು ಮುಗಿಯಿತು.

ಇವತ್ತು ಭಾನುವಾರ, ಮಹದೇವು ಮೇಷ್ಟ್ರು ಬಂದಿದ್ದರು. ಸ್ಕೂಲಿಗೆ ಸೀಮೆಸುಣ್ಣ ತರುತ್ತೇನೆ ಎಂದು ತಾಯಿಗೆ ಹೇಳಿ ಬಂದಿದ್ದಂತೆ. ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸಿಲು ದಾಟಬಾರದು. ಆತ ಹೊಸಿಲಿನ ಈಚೆ, ಪುಟ್ಟತಾಯಿ ಆಚೆ ಕೂತು ಸಂಜೆಯವರೆಗೆ ಮಾತಾಡಿದರು. ಸೀಮೆಸುಣ್ಣ ಮರೆತು ಹೋದರು. ಪುಟ್ಟತಾಯಿ ನಗುತ್ತಲೇ ಇದ್ದಳು, ಆತ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಹೋಗಿ ಕದ ಹಾಕಿಕೊಂಡಳು. ಇದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ನಿಜ ಏನಿದ್ದರೂ ಬರೆಯಿರಿ. ಅಳುವ ಹಾಡೇ ಆಗಿದ್ದರೆ ಹಾಗೇ ಬರೆಯಿರಿ.

ಮರಿಸ್ವಾಮಿ


ಮದರಾಸು
20–7–1959

ಚಿ. ಮರಿಸ್ವಾಮಿಗೆ ಆಶೀರ್ವಾದಗಳು.

ಕೋಪವಲ್ಲ. ನಿನ್ನ ಪತ್ರ ಒಂದು ತಿಂಗಳಿಂದ ನನ್ನ ಜುಬ್ಬದ ಕಿಸೆಯಲ್ಲೇ ಇದೆ. ಎರಡು ಸಲ ಅಗಸರ ಮನೆಗೂ ಹೋಗಿ ಬಂತು.

ಉಯ್ಯಾಲೆ ಸುಳ್ಳು. ಉಯ್ಯಾಲೆಯೂ ಇರಲಿಲ್ಲ, ಗೆಳತಿಯರೂ ಇರಲಿಲ್ಲ.

ಹೋದ ವರ್ಷ ಮಾರ್ಚಿಯಲ್ಲಿ ನನ್ನ ಮಗಳು ಅಂಬುಜಾಳ ಮದುವೆಯಾಯಿತು. ಅಳಿಯನಿಗೆ ನಾಗಪುರದಲ್ಲಿ ರೈಲ್ವೆ ಕೆಲಸ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಹತ್ತಿಸಿದೆವು. ಗಾಡಿ ಹೊರಟಾಗ ಅವಳು ಕಿಟಕಿಯಿಂದ ಕೈಚಾಚಿ ಏನೋ ಕೂಗಿದಳು, ಅಳುತ್ತಿದ್ದಳು. ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. ನನ್ನ ಹೆಂಡತಿ ಚಂದ್ರಮತಿ ಧೈರ್ಯವಾಗಿ ನಗುತ್ತಾ ಕೈಬೀಸಿದಳು. ನಾನು ಸ್ಟೇಷನ್ನಿನ ಗಡಿಯಾರ ನೋಡುತ್ತಾ ನಿಂತಿದ್ದೆ, ಹನ್ನೊಂದಕ್ಕೆ ಸ್ಟುಡಿಯೋದಲ್ಲಿರಬೇಕಿತ್ತು. ಅಲ್ಲಿ ನಿರ್ದೇಶಕರು ಹೊಳೆಯ ಸನ್ನಿವೇಶ ಹೇಳಿ ರಾಗ ಕೇಳಿದರು. ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿದ್ದದ್ದನ್ನು ಹಾರ್ಮೋನಿಯಂ ಮೇಲೆ ಇಟ್ಟೆ. ದಿಬ್ಬಣದವರು ಕುಣಿದ ಆ ತಬಲದ ಓಟ ರೈಲಿನದು. ಹಾಡಿನ ಹುಡುಗಿ ಅಳುವುದು ಹೊಳೆಗೆ ಹೋದ ಗಂಡನಿಗಾಗಿ. ನಾನು ಕಟ್ಟಿದ್ದು ನಾಗಪುರಕ್ಕೆ ಹೋದ ಮಗಳಿಗಾಗಿ.

ಅದಾದ ಮೇಲೆ ನಾಗಪುರಕ್ಕೆ ಒಂದು ಸಲವೂ ಹೋಗಿಲ್ಲ. ಹೋಗಬೇಕು ಎಂದಾಗಲೆಲ್ಲ ಒಂದು ರೆಕಾರ್ಡಿಂಗ್ ಅಡ್ಡ ಬರುತ್ತದೆ. ನಾನೇ ಅಡ್ಡ ತಂದುಕೊಳ್ಳುತ್ತೇನೆ ಎಂದು ಚಂದ್ರಮತಿ ಹೇಳುತ್ತಾಳೆ.

ಇದನ್ನು ಅವಳಿಗೂ ಹೇಳಿಲ್ಲ. ನೀನು ಕೇಳಿದೆ ಎಂದು ನಿನಗೆ ಹೇಳಿದ್ದೇನೆ. ಯಾರಿಗೂ ತೋರಿಸಬೇಡ. ತೋರಿಸಲೇಬೇಕಾದರೆ ಉಯ್ಯಾಲೆಯ ಪತ್ರವಿದೆ. ಅದನ್ನೇ ತೋರಿಸು, ಪಾಪ ನನಗಿರಲಿ.

ಗೋವಿಂದರಾಜು


ಮೈಸೂರು
25–7–1959

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಯಾರಿಗೂ ತೋರಿಸುವುದಿಲ್ಲ. ಉಯ್ಯಾಲೆಯ ಪತ್ರವನ್ನು ಹರಿದು ಒಲೆಗೆ ಹಾಕಿದೆ. ಇಟ್ಟುಕೊಂಡಿದ್ದರೆ ಪುಟ್ಟತಾಯಿಯ ಮುಖ ನೋಡಿದಾಗ ಯಾವತ್ತಾದರೂ ಒಂದು ದಿನ ಬಳಸಿಬಿಡುತ್ತಿದ್ದೆ.

ಆಷಾಢ ಕಳೆದ ಮೇಲೆ ನಂಜನಗೂಡಿಗೆ ಹೋಗುತ್ತೇನೆ. ಹಾಡು ಕಟ್ಟಿದವರು ನನಗೆ ನಿಜ ಹೇಳಿದ್ದಾರೆ, ಅದು ಕೇಡಿನದಲ್ಲ, ಆದರೆ ಏನೆಂದು ಹೇಳಬಾರದು ಎಂದಿದ್ದಾರೆ ಎಂದು ಹೇಳುತ್ತೇನೆ. ಆಕೆ ನಂಬುವುದಿಲ್ಲ. ಆದರೂ ಹೇಳಿ ಬರುತ್ತೇನೆ.

ನೀವು ಬೈದರೂ ಇನ್ನೊಂದು ಮಾತು. ಮಗಳಿಗಾಗಿ ಹಾಡು ಕಟ್ಟಿದ್ದೀರಿ. ಅದನ್ನು ಇಡೀ ನಾಡಿಗೆ ಕೇಳಿಸಿದ್ದೀರಿ. ಯಾರೆಂದೇ ಗೊತ್ತಿಲ್ಲದ ಬ್ಯಾಂಡಿನವನಿಗೆ ಅದರ ಕಥೆಯನ್ನೂ ಹೇಳಿದ್ದೀರಿ. ಆ ಮಗಳಿಗೇ ಗೊತ್ತಿಲ್ಲ. ಇದು ನನಗೆ ಸರಿಕಾಣಲಿಲ್ಲ.

ಮರಿಸ್ವಾಮಿ


ಮದರಾಸು
2–8–1959

ಮರಿಸ್ವಾಮಿ,

ಪತ್ರವನ್ನು ಆ ತಾಯಿಗೆ ಓದಿ ಹೇಳು. ಒಂದಕ್ಷರ ಬಿಡಬೇಡ, ಗಡಿಯಾರದ ಮಾತನ್ನೂ ಓದು. ನಿನ್ನ ಕೊನೆಯ ಮಾತಿಗೆ ಈಗ ಉತ್ತರ ಕೊಡುವುದಿಲ್ಲ.

ಗೋ.


ಮೈಸೂರು
10–8–1959

ಮೇಷ್ಟ್ರಿಗೆ ನಮಸ್ಕಾರಗಳು.

ನಿನ್ನೆ ನಂಜನಗೂಡಿಗೆ ಹೋಗಿದ್ದೆ. ಕ್ಲಾರಿನೆಟ್ಟನ್ನೂ ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಅವರ ಹಿತ್ತಲಲ್ಲಿ ಹೊಳೆ ಇರುವುದು ನಿಜ, ಬಟ್ಟೆ ಒಗೆಯುವ ಸದ್ದು ಜಗಲಿಗೂ ಕೇಳಿಸುತ್ತದೆ. ಶಿವನಂಜಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ತಲೆ ಎತ್ತದೆಯೇ, "ಇನ್ನೇನು ಊದಾಕೆ ಬಂದ್ಯಪ್ಪ?" ಎಂದರು.

"ಹಾಡು ಕಟ್ಟಿದೋರು ಹೇಳ್ಲಿ ಅಂದ್ರಲ್ಲಮ್ಮ. ಹೇಳವ್ರೆ."

"ಯಾರು, ಆ ಸಿನಿಮಾದೋರಾ? ನಿಂಗಾ? ಸುಳ್ಳು ಹೇಳಾಕೂ ಒಂದು ಲೆಕ್ಕ ಬೇಡ್ವೇನೋ."

ಮಹದೇವು ಮೇಷ್ಟ್ರು ಒಳಗಿನಿಂದ ಬಂದು ಲಕೋಟೆಯ ಮೇಲಿನ ಮೊಹರು ನೋಡಿ, "ಮದ್ರಾಸಿಂದೇ ಕಣವ್ವ" ಎಂದರು. ಕಾಗದ ತೆಗೆದು ಅವರೇ ಓದಿದರು. ಸ್ಕೂಲಿನಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ, ಒಂದಕ್ಷರ ಬಿಡದೆ. ಉಯ್ಯಾಲೆ ಸುಳ್ಳು ಎನ್ನುವಲ್ಲಿ ಶಿವನಂಜಮ್ಮ, "ಅದೇನು ಉಯ್ಯಾಲೆ?" ಎಂದರು. ಆ ಕಥೆಯನ್ನೂ ಹೇಳಿದೆ. ಮೊದಲು ನೀವು ಸುಳ್ಳು ಬರೆದುಕೊಟ್ಟಿದ್ದು, ನಾನು ಅದನ್ನು ಸುಟ್ಟದ್ದು, ಎಲ್ಲ. ಮಹದೇವು ಮೇಷ್ಟ್ರು ನನ್ನ ಕಾಲು ತುಳಿದರು. ಆದರೆ ಆಕೆ ಬೀಜ ಬಿಡಿಸುವುದನ್ನು ನಿಲ್ಲಿಸಿದ್ದು ಆಗಲೇ.

"ಸುಟ್ಬುಟ್ಟಾ? ಅದ ತಂದು ಕೊಟ್ಟಿದ್ರೆ ನಾ ನಂಬ್ಬುಡ್ತಿದ್ದೆ ಕಣೋ."

"ನಂಬ್ತೀರಿ ಅಂತಲೇ ಸುಟ್ಟೆ."

ಪತ್ರ ಮುಗಿಯಿತು. ಆಕೆ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿ, "ಊದು" ಎಂದರು. ಜಗಲಿಯ ಮೇಲೆ ನಿಂತು ಊದಿದೆ. ತಬಲವಿಲ್ಲ, ಬರೀ ಕ್ಲಾರಿನೆಟ್. ಬಟ್ಟೆ ಒಗೆಯುವ ಸದ್ದು ನಿಂತಿತು. ಆಕೆ ಕಣ್ಣು ಒರೆಸಿಕೊಂಡರು. ಹುಣಸೆಹಣ್ಣಿನ ಕೈ, ಕಣ್ಣು ಉರಿದು ಇನ್ನಷ್ಟು ನೀರು ಬಂತು. ಮೇಷ್ಟ್ರು ಚೊಂಬಿನಲ್ಲಿ ನೀರು ತರಲು ಓಡಿದರು. ಮುಖ ತೊಳೆದುಕೊಂಡು ಆಕೆ ಹೇಳಿದರು:

"ನನ್ನ ಒಪ್ಪುಸ್ಕೊಟ್ಟಾಗ ನಮ್ಮಪ್ಪನೂ ಇಂಗೇ, ಎತ್ತಿನ ಕೊಳ್ಳಿನ ಗಂಟೆ ಎಣಿಸ್ಕಂಡು ನಿಂತಿತ್ತು. ನನ್ ಮುಖ ನೋಡ್ಲಿಲ್ಲ. ಇದು ಹೆಣ್ಣೊಪ್ಪಿಸೋವಾಗ ಊದೋ ಹಾಡು ಕಣೋ ಮುಂಡೇದೆ. ಗಂಡು ಬರೋವಾಗ ಊದ್ಬುಟ್ಟಿದ್ದೀಯ."

"ಆದ್ರೆ ಸಿನಿಮಾದಲ್ಲಿ ಹೊಳೆ ದಡ..." ಎಂದೆ. ಮಹದೇವು ಮೇಷ್ಟ್ರು ಮತ್ತೆ ಕಾಲು ತುಳಿದರು.

"ತಂದು ಹೊಳೆ ದಡದಲ್ಲಿ ಹಾಕ್ಕಂಡೋರು ಸಿನಿಮಾ ತೆಗ್ದೋರು. ಮಾಡ್ದೋರು ಮಗಳಿಗೆ ಮಾಡವ್ರೆ. ಇಪ್ಪತ್ಮೂರಕ್ಕೆ ನಾವು ಬತ್ತೀವಿ ಅಂತ ಬೀಗರಿಗೆ ಹೇಳು. ಹೆಣ್ಣೊಪ್ಪಿಸೋ ಹೊತ್ಗೆ ಸರ್ಯಾಗಿ ಇದ್ನೇ ಊದ್ಬೇಕು. ಅದಕ್ಕೂ ಮುಂಚೆ ಪೀ ಅಂದ್ರೆ ಕಾಲು ಮುರೀತೀನಿ."

ದೇವಯ್ಯ ಮೇಷ್ಟ್ರು ನನ್ನನ್ನು ಮತ್ತೆ ಸೇರಿಸಿಕೊಂಡಿದ್ದಾರೆ. ಒಂದು ಷರತ್ತು, ಇನ್ನು ಮೇಲೆ ಪ್ರತಿ ಚಿತ್ರಕ್ಕೂ ಸೆಟ್ಟಿನ ಒಬ್ಬರು ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು. ನಿಮ್ಮ ಫೋಟೋ ದೇವರ ಪಕ್ಕಕ್ಕೆ ಬಂದಿದೆ.

ಮರಿಸ್ವಾಮಿ

ಯುಗಾದಿ ಚಿತ್ರದ ಎರಡನೆಯ ಹಾಡನ್ನು ಟಿಕೆಟ್ ತೆಗೆದುಕೊಂಡೇ ಕೇಳಿದೆ. ನನ್ನ ಅಭಿಪ್ರಾಯ ಬದಲಾಗಿಲ್ಲ.


ನಾಗಪುರ
17–8–1959

ಚಿ. ಮರಿಸ್ವಾಮಿಗೆ,

ಊರು ನೋಡಿ ಆಶ್ಚರ್ಯಪಡಬೇಡ. ಎರಡು ರೆಕಾರ್ಡಿಂಗ್ ಮುಂದಕ್ಕೆ ಹಾಕಿ ಬಂದಿದ್ದೇನೆ. ನಿನ್ನ ಪತ್ರವನ್ನು ಚಂದ್ರಮತಿ ನಾಗಪುರದ ವಿಳಾಸಕ್ಕೆ ಕಳಿಸಿದಳು. ಕಳಿಸುವ ಮುಂಚೆ ಅವಳೂ ಓದಿದ್ದಾಳೆ, ಹಾಗಾಗಿ ಮನೆಯಲ್ಲಿ ಇನ್ನು ಗುಟ್ಟು ಏನೂ ಉಳಿದಿಲ್ಲ.

ಮೊನ್ನೆ ಊಟವಾದ ಮೇಲೆ ಅಂಬುಜಾಳಿಗೆ ಹೇಳಿದೆ, ಆ ಹಾಡು ನಿನ್ನದು ಎಂದು. ನೀನು ರೈಲಿನಲ್ಲಿ ಅಳುತ್ತಾ ಕೈಚಾಚಿದ್ದು ನನ್ನ ಕಣ್ಣಿನಿಂದ ಹೋಗಲಿಲ್ಲ ಎಂದೂ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ನಾನೆಲ್ಲಿ ಅಳ್ತಿದ್ದೆ ಅಪ್ಪ? ನೀರಿನ ಕೂಜ ನಿಮ್ಮ ಕೈಯಲ್ಲೇ ಉಳಿದುಬಿಟ್ಟಿತ್ತು. ಕೂಜ ಕೊಡಿ, ಕೂಜ ಕೊಡಿ ಅಂತ ಕೂಗ್ತಿದ್ದೆ. ನೀವು ಗಡಿಯಾರ ನೋಡ್ತಾ ನಿಂತುಬಿಟ್ರಿ. ಬೆಜವಾಡದವರೆಗೂ ಗಂಟಲು ಒಣಗಿಹೋಯಿತು."

ಹೋದ ವರ್ಷದ ಮಾರ್ಚಿಯಿಂದ ನಮ್ಮ ಸ್ಟುಡಿಯೋದಲ್ಲಿ ಒಂದು ಕೂಜ ಇದೆ. ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನೂ ಅದರಲ್ಲಿ ನೀರು ಕುಡಿದಿದ್ದೇನೆ.

ನಗು ನಿಂತ ಮೇಲೆ ಅವಳು ಹಾಡನ್ನು ಒಮ್ಮೆ ಹೇಳಿ ಎಂದಳು. ಹೇಳಿದೆ. ಆಗ ಅತ್ತಳು. ಒಂದೂವರೆ ವರ್ಷ ತಡವಾಗಿ ಆದರೂ ನನ್ನ ಹಾಡು ನಿಜವಾಯಿತು.

ಇಪ್ಪತ್ತಮೂರಕ್ಕೆ ಹೇಗಾಯಿತು ಎಂದು ಬರೆ. ಮದರಾಸಿಗೇ ಬರೆ.

ಗೋವಿಂದರಾಜು


ಮೈಸೂರು
24–8–1959

ಮೇಷ್ಟ್ರಿಗೆ ನಮಸ್ಕಾರಗಳು.

ಪುಟ್ಟತಾಯಿ ನಿನ್ನೆ ಗಂಡನ ಮನೆಗೆ ಹೋದಳು. ಇದನ್ನು ಮೊದಲು ಹೇಳಿಬಿಡುತ್ತೇನೆ.

ಬೀಗರು ಬಸ್ಸಿನಲ್ಲಿ ಬಂದರು. ಅವರು ಬರುವಾಗ ನಾವು ಏನನ್ನೂ ಊದಲಿಲ್ಲ, ಬ್ಯಾಂಡಿನವರು ಹದಿನಾಲ್ಕು ಜನ ಬಾಯಿ ಮುಚ್ಚಿಕೊಂಡು ಸಾಲಾಗಿ ನಿಂತಿದ್ದೆವು. ಬೀದಿಯ ಜನ ನಕ್ಕರು. ಮಡಿಲಕ್ಕಿ ತುಂಬಿದರು. ಹಾಲಿನ ಬಟ್ಟಲಲ್ಲಿ ಪುಟ್ಟತಾಯಿಯ ಕೈ ಅದ್ದಿ ಶಿವನಂಜಮ್ಮನ ಕೈಗೆ ಕೊಡುವಾಗ ದೇವಯ್ಯ ಮೇಷ್ಟ್ರು ಕಣ್ಸನ್ನೆ ಮಾಡಿದರು. ಊದಿದೆ. ಹೆಂಗಸರು ಸೋಬಾನೆ ನಿಲ್ಲಿಸಿ ಕೇಳಿದರು. ಕೃಷ್ಣಪ್ಪನವರು ಗೋಡೆಯ ಕಡೆ ತಿರುಗಿಕೊಂಡು ಕ್ಯಾಲೆಂಡರ್ ನೋಡುತ್ತಿದ್ದರು. ಶಿವನಂಜಮ್ಮ ಅವರ ಹತ್ತಿರ ಹೋಗಿ, "ಅತ್ಲಾಗಿ ಏನು ನೋಡೀರಿ, ಮಗಳ ಮುಖ ನೋಡಿ ಕೃಷ್ಣಪ್ಪೋರೆ. ಆಮೇಲೆ ಹಾಡು ಕಟ್ಟಾಕೆ ನಿಮಗೆ ಬರಾಕಿಲ್ಲ" ಎಂದರು. ಅವರು ತಿರುಗಿದರು. ಅಪ್ಪ ಮಗಳು ಇಬ್ಬರೂ ಅತ್ತರು, ಆಮೇಲೆ ಇಡೀ ಚಪ್ಪರ ಅತ್ತಿತು. ಬಹಳ ಚೆನ್ನಾಗಿ ಆಯಿತು.

ಆಮೇಲೆ ನಡೆದದ್ದನ್ನೂ ಹೇಳಬೇಕು. ಹೇಳದೆ ಇದ್ದರೆ ನಿಮಗೆ ಗೊತ್ತಾಗುವುದಿಲ್ಲ, ಆದರೆ ನನಗೆ ಗೊತ್ತಿರುತ್ತದೆ.

ಪುಟ್ಟತಾಯಿ ಬಸ್ಸಿನಲ್ಲಿ ಕೂತಳು. ಶಿವನಂಜಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅತ್ತಿದ್ದು ಸಾಕು. ಸೊಸೇನ ನಗಿಸ್ಕಂಡು ಕರ್ಕಂಡೋಗ್ಬೇಕು. ಕುಶಿಯಾಗಿರೋದು ಒಂದು ಊದ್ರೋ, ಅವರದೇ ಊದಿ" ಎಂದರು. ಅವರದೇ ಅಂದರೆ ನಿಮ್ಮದೇ. ನಾನು ನಿಮ್ಮ ಹನ್ನೆರಡು ವರ್ಷದ ಹಾಡುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ತುಂಟಾಟದ ಹಾಡುಗಳಿವೆ, ಬೆಳದಿಂಗಳಿನವು ಇವೆ, ಭಿಕ್ಷುಕರದೂ ಎರಡಿವೆ. ಸಂತೋಷವಾಗಿ ಗಂಡನ ಮನೆಗೆ ಹೊರಟ ಹುಡುಗಿಗೆ ಒಂದೂ ಇಲ್ಲ. ಬಸ್ಸು ಸ್ಟಾರ್ಟ್ ಆಗಿತ್ತು. ದೇವಯ್ಯ ಮೇಷ್ಟ್ರು, "ಏನ್ಲಾ ನೋಡ್ತಿದ್ದೀಯ, ಎತ್ತು" ಎಂದರು. ಬೇರೆಯವರ ಹಾಡು ಎತ್ತಿದೆ. ಜನ ಕುಣಿದರು. ಪುಟ್ಟತಾಯಿ ಕಿಟಕಿಯಲ್ಲಿ ನಗುತ್ತಾ ಹೋದಳು. ನಿಮ್ಮ ಹಾಡಿಗಿಂತ ಹೆಚ್ಚು ಚಪ್ಪಾಳೆ ಬಿತ್ತು.

ನಿಮ್ಮ ಹಾಡಿನಿಂದ ಅತ್ತವಳು ನಿಮ್ಮ ಹಾಡಿನಿಂದಲೇ ನಗಬೇಕಿತ್ತು ಎಂದು ನನಗೆ ರಾತ್ರಿಯೆಲ್ಲ ಕೊರೆಯಿತು. ಅಂಥದ್ದೊಂದು ಮಾಡಿ. ಯಾವ ಚಿತ್ರಕ್ಕಾದರೂ ಹಾಕಿ, ಎಲ್ಲಿಗಾದರೂ ಹಾಕಿ, ಹೊಳೆ ದಡಕ್ಕೆ ಮಾತ್ರ ಬೇಡ. ಮುಂದಿನ ವೈಶಾಖದ ಮದುವೆಗಳ ಹೊತ್ತಿಗೆ ನಮಗೆ ಬೇಕು.

ಮರಿಸ್ವಾಮಿ


ಮದರಾಸು
29–8–1959

ಮರಿಸ್ವಾಮಿ,

ಯಾರ ಹಾಡು ಊದಿದಿರಿ ಎಂದು ಬರೆಯಬೇಡ. ಬರೆದರೆ ನನಗೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆಯಿಂದ ಹಾರ್ಮೋನಿಯಂ ಮುಂದೆ ಕೂತಿದ್ದೇನೆ. ಗಾಯಕರು ಬೇಡ, ಮೊದಲು ಊದುವವರಿಗೇ ಕಟ್ಟುತ್ತೇನೆ. ನಿನ್ನ ಕ್ಲಾರಿನೆಟ್ ಯಾವ ಶ್ರುತಿಯದು? ಬೀದಿಯಲ್ಲಿ ನಡೆಯುತ್ತಾ ಒಂದೇ ಉಸಿರಿನಲ್ಲಿ ಎಷ್ಟು ಹೊತ್ತು ಊದಬಲ್ಲೆ? ಹೆಚ್ಚು ಮಾಡಿ ಹೇಳುವವನಲ್ಲ ನೀನು, ಅದಕ್ಕೇ ಕೇಳುತ್ತಿದ್ದೇನೆ. ಬೇಗ ಬರೆ.

ಗೋ.